ಉಪ್ಪುಮೀನಿನ ಜಾಡಿಯಲ್ಲಿ ಎಂಜಿನ್

ಥಂಡರ್ ಬೇಯಲ್ಲಿ ಫೆಬ್ರವರಿ. ಸರೋವರ,
ಕೆರೆಯೆನ್ನಲು ನಾಲಿಗೆ ಹೊರಳದಷ್ಟು ದೊಡ್ಡದು,
ಕಣ್ಣು ಹೋಗುವವರೆಗೂ ಹೆಪ್ಪುಗಟ್ಟಿದೆ.
ಸ್ಪಿರಿಟ್ಟಿದೆಯೆಂದು ಗ್ಯಾರೇಜಿನ ಹೀಟರ್ ಆರಿಸಿದ್ದೇನೆ,
ಬಾಗಿಲನ್ನು ಒಂದು ಗೇಣು ತೆರೆದಿದ್ದೇನೆ,
ಎರಡು ಸ್ವೆಟರ್ ತೊಟ್ಟು ಕೂತಿದ್ದೇನೆ.

ಹಿಲ್ಕ ಉಪ್ಪುಮೀನು ಹಾಕಿಡುವ ಗಾಜಿನ ಜಾಡಿಯೊಳಗೆ
ಒಂದು ಡೀಸೆಲ್ ಎಂಜಿನ್ ಮುಳುಗಿದೆ.
ಅಂಗೈಯುದ್ದದ್ದು; ಬರೀ ಚಿಪ್ಪು.
ಚಕ್ರ, ಮೋಟಾರು, ಕಿಟಕಿಯ ಹರಳು ಬಿಚ್ಚಿ
ಮಾತ್ರೆಯ ಹಳೇ ಡಬ್ಬಿಗೆ ಹಾಕಿಟ್ಟೆ.
ಒಂದು ಸ್ಪ್ರಿಂಗು ಹಾರಿ ಎಲ್ಲೋ ಹೋಯಿತು. ಹೋಗಲಿ.
'ಈ ಜಾಡಿಗೆ ಇನ್ನು ಮೀನು ಹಾಕಲಾದೀತೇ?'
ಅಡುಗೆಮನೆಯಿಂದ ಅವಳ ಪ್ರಶ್ನೆ.
ಕೇಳಿಸಲಿಲ್ಲ ನನಗೆ.

ಬ್ರೇಕ್ ಎಣ್ಣೆಯಲ್ಲಿ ನೆನೆಹಾಕುವವರೂ ಇದ್ದಾರೆ.
ಮೂವತ್ತೊಂದು ವರ್ಷ ಗೋಧಿ ಗಾಡಿಗಳ ಬ್ರೇಕ್‌ಮನ್ ನಾನು,
ನಮ್ಮ ಬ್ರೇಕಿಗೆ ಎಣ್ಣೆಯಿರಲಿಲ್ಲ, ಗಾಳಿಯಿತ್ತು.
ಕಾರಿನವರ ಎಣ್ಣೆ ನನಗೇಕೆ?
ಔಷಧದಂಗಡಿಯ ಸ್ಪಿರಿಟ್ಟೇ ಸಾಕು,
ಸೂಜಿ ಚುಚ್ಚುವ ಮುಂಚೆ ತೋಳಿಗೆ ಒರೆಸುತ್ತಾರಲ್ಲ, ಅದು.
ಅವಸರ ಮಾತ್ರ ಕೂಡದು.
ಹಳೇ ಪ್ಲಾಸ್ಟಿಕ್ಕು ಹಳೇ ಮೂಳೆಯ ಹಾಗೆ,
ಯಾವ ಒತ್ತಿಗೆ ಲಟಕ್ಕೆನ್ನುವುದೋ ಹೇಳಲಾಗದು.

ಈ ಎಂಜಿನ್ನಿಗೆ ಯಾರೋ ನೇರಳೆ ಬಳಿದಿದ್ದರು.
ನಾನು ಕಂಡ ಯಾವ ಕಂಪನಿಯೂ ಬಳಿಯದ ನೇರಳೆ.
ಮೂತಿಗೆ ಹಳದಿ ಚುಕ್ಕೆಗಳು.
ಬ್ರಶ್ಶಿನ ಕೂದಲೊಂದು ಬಣ್ಣದಲ್ಲೇ ಸಿಕ್ಕಿಕೊಂಡಿತ್ತು,
ಜೇನಿಗೆ ಬಿದ್ದ ಇರುವೆಯಂತೆ.
ಚಾಲಕನ ಬಾಗಿಲ ಮೇಲೆ ಇಡೀ ಒಂದು ಬೆರಳಚ್ಚು.
ನಕ್ಕಿದ್ದೆ. ಎಂಥ ಒರಟು ಕೈ!

ಪಾವ್ಲಿಕ್ ತೀರಿಕೊಂಡ ಮೇಲೆ, ಅಕ್ಟೋಬರಿನಲ್ಲಿ,
ಮಗಳು ಮನೆಮುಂದೆ ಮೇಜು ಹಾಕಿ ಮಾರುತ್ತಿದ್ದಳು:
ಹಿಮದ ಬೂಟು, ಗರಗಸ, ನಾಲ್ಕು ಟೋಪಿ, ಈ ಪೆಟ್ಟಿಗೆ.
ಐವತ್ತರ ಹೆಂಗಸು. ಮುಚ್ಚಳ ತೆರೆದೂ ನೋಡಲಿಲ್ಲ.
'ಹನ್ನೆರಡು ಡಾಲರ್ ಕೊಡಿ.
ರೈಲಿನ ವಿಷಯ ನನಗೇನೂ ತಿಳಿಯದು.'

ಮೂರನೆಯ ದಿನ ಬಣ್ಣ ಸುಕ್ಕುಗಟ್ಟಿತು,
ಕಾದ ಹಾಲಿನ ಕೆನೆಯಂತೆ ಒಂದು ಬದಿಗೆ ಸರಿಯಿತು.
ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ, ಮೆಲ್ಲಗೆ,
ರಿವೆಟ್ಟಿನ ಸುತ್ತ, ಜಾಲರಿಯ ಸಂದಿಯಲ್ಲಿ.
ನೇರಳೆಯಡಿ ಕಾರ್ಖಾನೆಯ ಹಸಿರು,
ಹಸಿರಿನಡಿ ಬೂದಿಬಣ್ಣದ ಬತ್ತಲೆ ಪ್ಲಾಸ್ಟಿಕ್ಕು.
ಬೆರಳಚ್ಚು ಯಾವ ಉಜ್ಜಿಗೆ ಹೋಯಿತೋ.
ಕಳ್ಳನೊಬ್ಬನ ಬಣ್ಣ ಬಯಲು ಮಾಡಿದವನಂತೆ ಬೀಗುತ್ತ
ನೀರಲ್ಲಿ ಜಾಲಿಸಿ, ಮಗುಚಿ,
ದೀಪಕ್ಕೆ ಹಿಡಿದೆ.

ಒಳಮೈಯಲ್ಲಿ, ಸೂಜಿಯಿಂದ ಗೀರಿದ್ದು:
'ಒರಿಸ್ಯ. ಆರು ವರ್ಷ. ಬಣ್ಣ ಅವಳೇ ಆರಿಸಿದ್ದು.
ಪೂರ್ತಿ ಅವಳೇ ಬಳಿದದ್ದು.
ನಾನು ಹಿಡಿದುಕೊಂಡಿದ್ದೆ, ಅಷ್ಟೇ.'

ಹಾಗಾದರೆ ಆ ಬೆರಳು,
ಬಳಿದವಳದೋ, ಹಿಡಿದವನದೋ?
ದೊಡ್ಡದಿತ್ತೇ? ಸಣ್ಣದಿತ್ತೇ?
ನಕ್ಕವನಿಗೆ ನೆನಪಿಲ್ಲ.

ಜಾಡಿಯ ತಳದಲ್ಲಿ ನೇರಳೆ ಕೆಸರು.
ಚೆಲ್ಲಲು ಹೋದೆ, ಕೈ ಬರಲಿಲ್ಲ.
ರಾತ್ರಿ ಹಿಲ್ಕಳಿಗೆ ಹೇಳಿದೆ. ಅವಳು ಬಹಳ ಹೊತ್ತು
ಏನೂ ಅನ್ನದೆ, ಆಮೇಲೆ,
'ಜಾಡಿ ನೀನೇ ಇಟ್ಟುಕೋ' ಅಂದಳು.

ಮುಚ್ಚಳಕ್ಕೆ ಮೆತ್ತಿದ್ದು ಒಣಗಿತ್ತು.
ಅದನ್ನೇ ಜೇಬಿಗಿಳಿಸಿ, ಹಿಮ ತುಳಿಯುತ್ತ
ಎರಡು ಬೀದಿ ದಾಟಿ ಬಣ್ಣದಂಗಡಿಗೆ ಹೋದೆ.
ಹುಡುಗ ಮುಚ್ಚಳ ತಿರುಗಿಸಿ ನೋಡಿದ. ಮೂಸಿದ.
ಮೀನಿನ ವಾಸನೆಗೆ ಮುಖ ಕಿವುಚಿದ.
'ಇದು ಯಾವ ರೈಲ್ವೆಯ ಬಣ್ಣ, ಸರ್?'

ಯಾವ ಸಿಗ್ನಲಿಗೂ ತಡವರಿಸದ ಬಾಯಿ ಇದು.
'ಸಣ್ಣ ಲೈನು' ಅಂದೆ. 'ಇರುವುದೊಂದೇ ಎಂಜಿನ್ನು.
ಹಳದಿಯೂ ಒಂಚೂರು ಕೊಡಪ್ಪ. ಮತ್ತೆ,
ಕೂದಲುದುರುವ ಬ್ರಶ್ಶು ಯಾವುದಾದರೂ ಇದ್ದರೆ,
ಅದು.'